ಮಂಜಲ್ಲಿ ಒಬ್ಬನೇ, ಕಂಪಾಸ್ ಹಿಡಿದು ದಕ್ಷಿಣಕ್ಕೆ ನಡೆದೆ, ಉತ್ತರಕ್ಕೆ ತಲುಪಿದೆ. ಎಲ್ಲಿ ತಪ್ಪಾಯ್ತು?

ಒಂಟಿ_ಹೆಜ್ಜೆ (ಎಡಿನ್‌ಬರಾ)

ಎಲ್ರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಬರೀ ಓದ್ತಾ ಇದ್ದೆ, ಇವತ್ತೇ ಮೊದಲ್ನೇ ಸಲ ಬರೀತಿರೋದು. ಉದ್ದ ಆಗತ್ತೆ, ಆದ್ರೂ ದಯವಿಟ್ಟು ಪೂರ್ತಿ ಓದಿ, ಯಾಕಂದ್ರೆ ಮೂರು ರಾತ್ರಿಯಿಂದ ಕಣ್ಣು ಮುಚ್ಚಿದ್ರೆ ಅದೇ ಬಿಳಿ ಕಾಣತ್ತೆ, ಎಲ್ಲಿ ತಪ್ಪಾಯ್ತು ಅಂತ ಗೊತ್ತಾಗೋ ತನಕ ಇನ್ನೊಂದ್ಸಲ ಗುಡ್ಡ ಹತ್ತೋ ಧೈರ್ಯ ನಂಗಿಲ್ಲ.

ನಾನು ಮೈಸೂರಿನವನು, ಸ್ಕಾಟ್ಲೆಂಡಿಗೆ ಬಂದು ನಾಲ್ಕು ವರ್ಷ. ಬಂದ ಎರಡನೇ ತಿಂಗಳಿಂದಲೇ ಗುಡ್ಡದ ಹುಚ್ಚು. ಇಲ್ಲಿ ಮೂರು ಸಾವಿರ ಅಡಿ ಅಂದ್ರೆ 914 ಮೀಟರ್ ದಾಟಿದ ಬೆಟ್ಟಗಳಿಗೆ ಮನ್ರೋ ಅಂತಾರೆ, ಒಟ್ಟು 282 ಇವೆ, ನಂದು 31 ಆಗಿದೆ. ಚಳಿಗಾಲದ್ದು ಅದರಲ್ಲಿ ಆರು, ಅಷ್ಟೂ ಗೆಳೆಯರ ಜೊತೆ. ಈ ಸಲ ಯಾರೂ ಬಿಡುವಿಲ್ಲ ಅಂದ್ರು, ಫೆಬ್ರವರಿ ಮೊದಲ್ನೇ ಶನಿವಾರ ಒಬ್ಬನೇ ಮೊನಾಲೀಯಕ್ಕೆ ಹೊರಟೆ.

ಆ ಕಡೆ ಹೋಗದೇ ಇರೋರಿಗೆ ಹೇಳ್ತೀನಿ. ಎ9 ರೋಡಲ್ಲಿ ಇನ್ವರ್ನೆಸ್ ಕಡೆ ಹೋಗ್ತಾ ಬಲಗಡೆ ಕೇರ್ನ್‌ಗಾರ್ಮ್ಸ್ ಬರತ್ತಲ್ಲ, ಅದರ ಎದುರಿಗೆ ಸ್ಪೇ ನದಿ ಆಚೆ ಎಡಗಡೆ ಇರೋದೇ ಮೊನಾಲೀಯ. ಗೇಲಿಕ್‌ನಲ್ಲಿ ಬೂದು ಗುಡ್ಡಸಾಲು ಅಂತ ಅರ್ಥ. ಚೂಪು ಶಿಖರ ಇಲ್ಲ, ದೊಡ್ಡ ಬಂಡೆ ಇಲ್ಲ, ಮರ ಅಂತೂ ಇಲ್ವೇ ಇಲ್ಲ, ಬೋರಲು ಹಾಕಿದ ಬಾಣಲೆಗಳ ಥರ ಒಂದರ ಪಕ್ಕ ಒಂದು. ನ್ಯೂಟನ್‌ಮೋರ್ ಊರಿನ ಹಿಂದೆ ಗ್ಲೆನ್ ಬ್ಯಾಂಕರ್ ರಸ್ತೆ ಮುಗಿಯೋ ಕಡೆ ಕಾರ್ ನಿಲ್ಸಿ ಮೊದಲು ಅ ಖಾಲ್ಯಾಖ್ (930 ಮೀಟರ್, ಹೆಸರಿನ ಅರ್ಥ ಮುದುಕಿ), ಅಲ್ಲಿಂದ ಹೆಚ್ಚುಕಮ್ಮಿ ನೇರ ಉತ್ತರಕ್ಕೆ ಒಂದೂ ಮುಕ್ಕಾಲು ಕಿಲೋಮೀಟರ್ ದೂರದ ಕಾರ್ನ್ ಸ್ಗುಲೇನ್ (920 ಮೀಟರ್), ಮತ್ತೆ ಬಂದ ದಾರೀಲೇ ವಾಪಸ್. ಇದು ಪ್ಲಾನ್. ಎರಡು ಗುಡ್ಡದ ನಡುವೆ ಒಂದು ಹಳ್ಳ ಇದೆ, ಅದನ್ನ ಇಳಿದು ಹತ್ತಬೇಕು. ಫೋರ್ಕಾಸ್ಟಲ್ಲಿ ಮೋಡ 700 ಮೀಟರಿಗೆ, ನೈಋತ್ಯದ ಗಾಳಿ ಗಂಟೆಗೆ 30 ಮೈಲಿ, ಮಧ್ಯಾಹ್ನದ ಮೇಲೆ ಹಿಮ ಅಂತ ಇತ್ತು. ನಿಜ ಹೇಳ್ಬೇಕಂದ್ರೆ ಅದನ್ನ ಓದಿನೂ ಹೋದೆ, ಗುಡ್ಡ ಸುಲಭ ಅಂತ.

ಖಾಲ್ಯಾಖ್ ತುದಿಗೆ ಹನ್ನೊಂದೂವರೆ. ಅಷ್ಟೊತ್ತಿಗೇ ಮಂಜಿನ ಒಳಗಿದ್ದೆ. ಕಂಪಾಸ್‌ಗೆ 7 ಡಿಗ್ರಿ (ಉತ್ತರದಿಂದ ಎಣಿಸೋದು, ಅಂದ್ರೆ ಹೆಚ್ಚುಕಮ್ಮಿ ಉತ್ತರವೇ) ಇಟ್ಕೊಂಡು ನಡೆದೆ, ಹಳ್ಳ ಸಿಕ್ತು, ದಾಟಿದೆ, ಸ್ಗುಲೇನ್ ಮೇಲಿನ ಹಳೇ ಬೇಲಿ ಕಂಬಗಳೂ ಸಿಕ್ವು. ಅಲ್ಲಿ ತನಕ ಎಲ್ಲಾ ಲೆಕ್ಕ ಹಾಕಿದ ಹಾಗೇ. ಕಂಬಗಳ ಮೇಲೆ ಹಿಮ ಹಕ್ಕಿಗರಿ ಥರ ಒಂದೇ ಪಕ್ಕಕ್ಕೆ ಒಂದು ಗೇಣು ಉದ್ದ ಬೆಳೆದಿತ್ತು, ಅಷ್ಟು ಚೆನ್ನಾಗಿತ್ತು ಅಂದ್ರೆ ಫೋನ್ ತೆಗೆದು ನಾಲ್ಕೈದು ಫೋಟೋ ತೊಗೊಂಡೆ. ಬ್ಯಾಗಿಗೆ ಒರಗಿ ಕೂತು ಚಪಾತಿ ರೋಲ್ ತಿಂದೆ, ಒಂದು ಹದಿನೈದು ಇಪ್ಪತ್ತು ನಿಮಿಷ. ಎದ್ದಾಗ ಹಿಮ ಬೀಳಕ್ಕೆ ಶುರು, ನೆಲ ಯಾವ್ದು ಆಕಾಶ ಯಾವ್ದು ಒಂದೂ ಗೊತ್ತಾಗ್ತಿರ್ಲಿಲ್ಲ. ಕೈಲಿದ್ದ ಕೋಲು ಕಾಣ್ತಿತ್ತು, ಕೋಲು ಊರಿದ ಜಾಗ ಕಾಣ್ತಿರ್ಲಿಲ್ಲ.

ವಾಪಸ್ಸಿಗೆ 187 ಡಿಗ್ರಿ ಇಟ್ಟೆ, ಅಂದ್ರೆ ಅದರ ನೇರ ಎದುರು ದಿಕ್ಕು, ದಕ್ಷಿಣ. ಉತ್ತರ ತೋರಿಸೋ ಕೆಂಪು ಮುಳ್ಳನ್ನ ಸರಿಯಾಗಿ ಕಂಪಾಸ್ ಮೇಲೆ ಬರೆದಿರೋ ಬಾಣದ ಒಳಗೆ ಕೂರಿಸಿ, ಐದೈದು ನಿಮಿಷಕ್ಕೆ ನೋಡ್ಕೊಂಡು ನಡೆದೆ. ಇದರಲ್ಲಿ ನಂಗೆ ಅನುಮಾನನೇ ಇಲ್ಲ. ಗಾಳಿ ಬೆನ್ನಿಗೆ ಬಿದ್ದಿತ್ತು, ಕಣ್ಣಿಗೆ ಹಿಮ ಹೊಡೀದೆ ಆರಾಮಾಯ್ತು ಅನ್ಕೊಂಡೆ. ಇಳಿಜಾರೂ ಇತ್ತು, ಸರಿ ಹೋಗ್ತಿದೀನಿ ಅನ್ಸ್ತು. ಒಂದು ಕಿಲೋಮೀಟರ್ ಒಳಗೆ ಹಳ್ಳ ಸಿಗ್ಬೇಕು, ಅರ್ಧ ಗಂಟೆ ಆದ್ರೂ ಹಳ್ಳ ಇಲ್ಲ, ಬರೀ ಚಪ್ಪಟೆ ಬಿಳಿ. ಫೋನ್ ತೆಗೆದ್ರೆ ಚಳಿಗೆ ಆಫ್ ಆಗಿತ್ತು. ಹೊಟ್ಟೆ ಹತ್ರ ಒಳಂಗಿ ಒಳಗೆ ಇಟ್ಕೊಂಡು ಐದು ನಿಮಿಷ ಕುಕ್ಕರಗಾಲಲ್ಲಿ ಕೂತೆ, ಆಮೇಲೆ ಆನ್ ಆಯ್ತು, ಮ್ಯಾಪ್ ಆ್ಯಪಲ್ಲಿ ನೀಲಿ ಚುಕ್ಕಿ ಸ್ಗುಲೇನ್‌ನಿಂದ ಒಂದು ಕಿಲೋಮೀಟರ್‌ಗೂ ಜಾಸ್ತಿ ಉತ್ತರಕ್ಕೆ ಕೂತಿತ್ತು! ಒಂದು ನಿಮಿಷಕ್ಕೆ ಮತ್ತೆ ಆಫ್. ಆ ಕಡೆ ಏನಿದೆ ಅಂತ ಮ್ಯಾಪ್ ನೋಡಿ, ಫಿಂಡ್‌ಹಾರ್ನ್ ನದಿ ಹುಟ್ಟೋ ಬಯಲು, ಮೈಲಿಗಟ್ಲೆ ರಸ್ತೆ ಇಲ್ಲ ಮನೆ ಇಲ್ಲ.

ಕಂಪಾಸ್ ಮುಟ್ಟೋಕೇ ಮನಸ್ಸಾಗ್ಲಿಲ್ಲ. ಗಾಳಿಗೆ ಮುಖ ಕೊಟ್ಟು, ನನ್ನದೇ ಹೆಜ್ಜೆ ಗುರುತು ಮುಚ್ಚಿ ಹೋಗೋ ಮುಂಚೆ ಅದನ್ನ ಹಿಡ್ಕೊಂಡು ವಾಪಸ್ ನಡೆದೆ. ಅರ್ಧ ದಾರಿ ಗುರುತು ಸಿಕ್ತು, ಆಮೇಲೆ ಇಲ್ಲ. ಬೇಲಿ ಕಂಬ ಎದುರಿಗೆ ಬಂದಾಗ ಅದನ್ನ ತಬ್ಬಿಕೊಂಡೆ. ಬೇಲಿ ಆಚೆ ಬೆಳಗ್ಗಿನ ಹೆಜ್ಜೆಗಳು, ಸುತ್ತಲ ಪುಡಿ ಹಿಮ ಗಾಳಿಗೆ ಹಾರಿ ಹೋಗಿ ತುಳಿದು ಗಟ್ಟಿಯಾದ ಜಾಗ ಮಾತ್ರ ಅಚ್ಚಿನ ಬೆಲ್ಲದ ಥರ ಮೇಲೆದ್ದು ನಿಂತಿದ್ವು. ಅದನ್ನ ಹಿಡಿದು ಹಳ್ಳ, ಹಳ್ಳದ ದಂಡೆ ಹಿಡಿದು ಕೆಳಗೆ. ಐದಕ್ಕೆ ಮುಂಚೆನೇ ಸೂರ್ಯ ಮುಳುಗತ್ತೆ ಈಗ, ಕಾರ್ ಹತ್ರ ಬಂದಾಗ ಪೂರ್ತಿ ಕತ್ತಲು, ಏಳು ಗಂಟೆ ಹತ್ರ. ಹೆಂಡ್ತಿ ಇನ್ನರ್ಧ ಗಂಟೆ ನೋಡಿ 999ಗೆ (ಇಲ್ಲಿನ ತುರ್ತು ನಂಬರ್) ಫೋನ್ ಮಾಡೋಳಿದ್ಲು.

ನನ್ನ ಪ್ರಶ್ನೆ ಒಂದೇ. ಬೇರಿಂಗ್ (ನಡೀಬೇಕಾದ ದಿಕ್ಕಿನ ಡಿಗ್ರಿ) ಸರಿ ಇಟ್ಟಿದ್ದೆ, ಮುಳ್ಳು ಸರಿ ಕೂರಿಸಿದ್ದೆ. ಆದ್ರೂ ದಕ್ಷಿಣಕ್ಕೆ ಹೋಗ್ಬೇಕಾದೋನು ಉತ್ತರಕ್ಕೆ ಹೇಗೆ ಹೋದೆ?

---

ಧಾರವಾಡದಂವ (ಇನ್ವರ್ನೆಸ್)

ಮದಲ ನೀವು ಸುರಕ್ಷಿತ ಮನಿಗಿ ಬಂದ್ರಲ್ಲ, ಅದು ಭಾಳ ಛಲೋ ಆತು. ಓದಾಕತ್ತಾಗ ನನ್ನ ಕೈಯಾಗಿನ ಚಾ ಆರಿ ಹೋತ್ರಿ.

ನನಗ ಅನ್ಸೂದು ಏನಂದ್ರ, ಮಂಜಿನ್ಯಾಗ ಮನಷ್ಯಾ ನೆಟ್ಟಗ ನಡ್ಯಾಂಗಿಲ್ಲ. ಬಲಗಡೆಯಿಂದ ಗಾಳಿ ಹೊಡಿಯಾಕತ್ತಿದ್ರ ಕಾಲು ತಾವಾಗೇ ಎಡಕ್ಕ ಸರೀತಾವು, ಇಳಿಜಾರಿದ್ರ ಇಳಿಜಾರಿನ ಕಡೆ ಸರೀತಾವು, ನಿಮಗ ಗೊತ್ತಾಗಾಂಗಿಲ್ಲ. ಎರಡು ವರ್ಷದ ಹಿಂದ ಡ್ರಮಾಕ್ಟರ್ ಪಾಸ್ ಪಶ್ಚಿಮದ ಗುಡ್ಡದ ಮ್ಯಾಲ ನನಗ ಹಿಂಗ ಆಗಿತ್ತು. ಮುಳ್ಳು ಒಂದು ಕಡೆ ತೋರಿಸ್ತಿತ್ತು, ಮನಸ್ಸು ಇನ್ನೊಂದು ಕಡೆ ಎಳೀತಿತ್ತು. ಹೊಟ್ಟಿಯೊಳಗ ಕುಂತು ಯಾರೋ ಹೇಳ್ದಂಗ ಅನ್ಸತೈತ್ರಿ, ಅಲ್ಲ ಅಲ್ಲ, ಈ ಕಡೆ ಬಾ, ಅಂತ. ನಾ ಮನಸ್ಸಿನ ಮಾತು ಕೇಳಿದೆ, ಮುಕ್ಕಾಲು ತಾಸಿಗೆ ಮತ್ತ ಅದೇ ಕಲ್ಲಿನ ಗುಂಪಿಗೆ ಬಂದು ನಿಂತೆ. ಆವತ್ತಿಂದ ನಾ ಒಂದು ನಿಯಮ ಮಾಡ್ಕೊಂಡೀನಿ, ಮಂಜಿನ್ಯಾಗ ಮುಳ್ಳು ಹೇಳಿದ್ದೇ ಖರೆ, ಮನಸ್ಸು ಹೇಳಿದ್ದು ಸುಳ್ಳ.

ಇನ್ನ ಐದೈದು ನಿಮಿಷಕ್ಕ ಕಂಪಾಸ್ ನೋಡೂದು ಭಾಳ ಕಮ್ಮಿ ಆತ್ರಿ. ಹಂತಾ ಬಿಳಿಯೊಳಗ ಹತ್ತು ಹೆಜ್ಜಿಗೊಮ್ಮೆ ನೋಡಬೇಕು. ಕಂಪಾಸ್ ಕೈಯಾಗ ಹಿಡದ ನಡೀಬೇಕು, ಕಿಸೆದಾಗ ಇಡೂದಲ್ಲ. ಐದು ನಿಮಿಷದಾಗ ನೀವು ಮುನ್ನೂರು ಮೀಟರ್ ಹೋಗಿರ್ತೀರಿ, ಅಷ್ಟರಾಗ ಪೂರಾ ತಿರುಗಾಕ ಆಗತೈತಿ.

---

ಹಿಮದಕ್ಕ (ಅಬರ್ಡೀನ್)

ಒಂಟಿ ಹೆಜ್ಜೆ, ನಿಮ್ಮನ್ನ ತಮ್ಮ ಅಂತೀನಿ, ನನ್ನ ತಮ್ಮನ ವಯಸ್ಸೇ ಇರ್ಬೇಕು. ನಾನು ಇಲ್ಲಿಗೆ ಬಂದು ಹದಿನಾಲ್ಕು ವರ್ಷ, ಚಳಿಗಾಲದ ಗುಡ್ಡ ಹನ್ನೊಂದು ವರ್ಷದಿಂದ. ನಿನ್ನ ಬರಹ ಎರಡು ಸಲ ಓದಿದೆ.

ಧಾರವಾಡದ ಅಣ್ಣ ಹೇಳಿದ್ದು ಎಲ್ಲಾ ನಿಜ, ಆದ್ರೆ ಇಲ್ಲಿ ನಡೆದದ್ದು ಅದಲ್ಲ ಅನ್ಸತ್ತೆ. ಗಾಳಿಗೆ ಸರಿಯೋದು, ಸುತ್ತಾಕೋದು ಅಂದ್ರೆ ನಡುನಡುವೆ ಮುಳ್ಳು ನೋಡಿದಾಗ ಅದು ಬಾಣ ಬಿಟ್ಟು ಆಚೆ ಹೋಗಿರ್ಬೇಕು. ನೀನು ಪ್ರತೀ ಸಲ ನೋಡಿದಾಗ್ಲೂ ಮುಳ್ಳು ಸರಿಯಾಗೇ ಕೂತಿತ್ತು ಅಂತೀಯ. ಹಾಗಿದ್ದೂ ನೀನು ಹೆಚ್ಚುಕಮ್ಮಿ ತದ್ವಿರುದ್ಧ ದಿಕ್ಕಿಗೆ, ಅದೂ ನೆಟ್ಟಗೆ ಹೋಗಿದೀಯ. ನೀನೇ ಬರೆದ ಎರಡು ವಿಷಯ ನೋಡು. ಗಾಳಿ ನೈಋತ್ಯದ್ದು. ದಕ್ಷಿಣಕ್ಕೆ ಹೊರಟೋನಿಗೆ ನೈಋತ್ಯದ ಗಾಳಿ ಬಲಗೆನ್ನೆಗೆ ಹೊಡೀಬೇಕು. ನಿಂಗೆ ಬೆನ್ನಿಗೆ ಬಿತ್ತು. ಆರಾಮಾಯ್ತು ಅಂತ ಬರೆದಿದೀಯಲ್ಲ ತಮ್ಮಾ, ಅದನ್ನ ಓದಿದಾಗ ಮೈ ಜುಂ ಅಂತು. ಇನ್ನೊಂದು, ಕಂಬದ ಮೇಲಿನ ಹಿಮದ ಗರಿ. ಅದಕ್ಕೆ ರೈಮ್ ಅಂತಾರೆ, ಮೋಡದ ತೇವ ಕಂಬಕ್ಕೆ ಬಡಿದು ಅಲ್ಲೇ ಹೆಪ್ಪುಗಟ್ಟೋದು, ಹಾಗಾಗಿ ಅದು ಗಾಳಿ ಬರೋ ಕಡೆಗೇ ಬೆಳೆಯತ್ತೆ, ಗಾಳಿ ಹೋಗೋ ಕಡೆಗಲ್ಲ. ಆ ಗರಿ ನೈಋತ್ಯಕ್ಕೆ ಬೆರಳು ಚಾಚಿ ನಿಂತಿತ್ತು, ನೀನು ಅದಕ್ಕೆ ಬೆನ್ನು ಹಾಕಿ ಹೊರಟೆ.

ನಂಗೆ ಮೂರು ಪ್ರಶ್ನೆ ಇದೆ. ಊಟ ಮಾಡುವಾಗ ಕಂಪಾಸ್ ಎಲ್ಲಿಟ್ಟೆ? ಫೋನ್ ಎಲ್ಲಿತ್ತು? ಫೋನಿಗೆ ಮಡಚೋ ಕವರ್ ಇದ್ಯಾ, ಟಕ್ ಅಂತ ಅಂಟ್ಕೊಳ್ಳೋ ಥರದ್ದು?

ಉತ್ತರ ಬರೆಯೋ ಮುಂಚೆ ಒಂದು ಕೆಲ್ಸ ಮಾಡು. ಇಲ್ಲಿ ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ಸೂರ್ಯ ಸರಿಯಾಗಿ ದಕ್ಷಿಣಕ್ಕಿರ್ತಾನೆ. ಫೋನ್, ಲ್ಯಾಪ್‌ಟಾಪ್, ಫ್ರಿಜ್ ಯಾವ್ದೂ ಹತ್ರ ಇಲ್ದೇ ಕಂಪಾಸನ್ನ ಅಂಗೈ ಮೇಲೆ ಮಟ್ಟವಾಗಿ ಹಿಡಿದು ನೋಡು. ಕೆಂಪು ತುದಿ ಸೂರ್ಯನಿಗೆ ಬೆನ್ನು ಹಾಕ್ಬೇಕು.

---

ಒಂಟಿ_ಹೆಜ್ಜೆ (ಎಡಿನ್‌ಬರಾ)

ಅಕ್ಕಾ, ಕೈ ನಡುಗ್ತಿದೆ ಬರೆಯೋವಾಗ.

ಹನ್ನೆರಡೂ ಇಪ್ಪತ್ತೈದಕ್ಕೆ ಆಫೀಸ್ ಪಕ್ಕದ ಪಾರ್ಕಿಗೆ ಹೋದೆ, ಫೋನನ್ನ ಡೆಸ್ಕ್ ಮೇಲೇ ಬಿಟ್ಟು. ಮೋಡದ ಹಿಂದೆ ಸೂರ್ಯ ಮಸುಕಾಗಿ ಕಾಣ್ತಿದ್ದ. ಹುಲ್ಲಿನ ಮೇಲೆ ನಿಂತು ಅಂಗೈ ಚಾಚಿ ಹಿಡಿದೆ, ಮುಳ್ಳು ತೂಗಾಡಿ ತೂಗಾಡಿ ನಿಧಾನಕ್ಕೆ ನಿಂತ್ಕೊಳ್ತು. ಕೆಂಪು ತುದಿ ಸೂರ್ಯನ ಕಡೆಗೆ. ನಂಬಕ್ಕಾಗ್ದೆ ನಾನೇ ಒಂದು ಸುತ್ತು ತಿರುಗಿ ಮತ್ತೆ ಹಿಡಿದೆ. ಮತ್ತೆ ಸೂರ್ಯನ ಕಡೆಗೇ. ಪೂರ್ತಿ ಉಲ್ಟಾ!

ಊಟ ಮಾಡುವಾಗ ಕಂಪಾಸನ್ನ ಜಾಕೆಟ್ಟಿನ ಎದೆ ಜೇಬಿಗೆ ಹಾಕಿದ್ದೆ. ಫೋಟೋ ತೆಗೆದ ಮೇಲೆ ಫೋನೂ ಅದೇ ಜೇಬಿಗೆ ಹೋಯ್ತು. ಕವರ್ ನೀವು ಹೇಳಿದ ಥರದ್ದೇ, ಮುಚ್ಚಿದ್ರೆ ಟಕ್ ಅಂತ ಅಂಟ್ಕೊಳತ್ತೆ, ಅದರೊಳಗೆ ಮ್ಯಾಗ್ನೆಟ್ ಇರತ್ತೆ ಅನ್ನೋದು ಒಂದು ದಿನನೂ ತಲೆಗೆ ಬಂದಿರ್ಲಿಲ್ಲ. ಎದೆ ಮೇಲೆ ಬ್ಯಾಗಿನ ಬೆಲ್ಟ್ ಬಿಗಿದಿರತ್ತೆ, ಎರಡೂ ಒಂದಕ್ಕೊಂದು ಒತ್ತಿಕೊಂಡಿದ್ವು.

ಅಣ್ಣಾ, ನೀವು ಮುಳ್ಳು ಹೇಳಿದ್ದೇ ಖರೆ ಅಂದ್ರಿ. ನಾನು ಅದನ್ನೇ ನಂಬ್ಕೊಂಡು ಹೋಗಿದ್ದು, ಕಲಿಸಿಕೊಟ್ಟೋರೂ ಅದನ್ನೇ ಹೇಳಿದ್ರು. ಮನಸ್ಸು ಬೇರೆ ಏನೂ ಹೇಳ್ಲೇ ಇಲ್ಲ ನಂಗೆ, ಅದಕ್ಕೇ ಜಾಸ್ತಿ ಭಯ ಆಗ್ತಿದೆ. ಮುಳ್ಳೇ ಸುಳ್ಳು ಹೇಳಿದ್ರೆ ಇನ್ನು ಯಾವುದನ್ನ ನಂಬೋದು?

---

ಧಾರವಾಡದಂವ (ಇನ್ವರ್ನೆಸ್)

ಅಕ್ಕಾರ, ನಿಮಗ ಶರಣು. ನಾ ಎಂಟು ವರ್ಷ ಆತು ಗುಡ್ಡ ಹತ್ತಾಕತ್ತು, ಹಿಂಗ ಆಗತೈತಿ ಅಂತ ಗೊತ್ತ ಇದ್ದಿಲ್ಲ. ಈಗ ಹೋಗಿ ನನ್ನ ಕಂಪಾಸ್ ನೋಡಿ ಬಂದೆ, ಅದು ಸರಿ ಐತಿ. ಆದ್ರ ನನ್ನ ಕೈಗವಸಿನ ಪಟ್ಟಿಯೊಳಗ ಸಣ್ಣ ಮ್ಯಾಗ್ನೆಟ್ ಐತಿ, ಒಂದಕ್ಕೊಂದು ಅಂಟಿಸಿ ಇಡಾಕ ಅಂತ ಕೊಟ್ಟಿರ್ತಾರ. ಕಂಪಾಸ್ ಹಂತೇಕ ತಂದ್ರ ಮುಳ್ಳು ಗರಗರ ತಿರುಗತೈತಿ. ಇಷ್ಟು ವರ್ಷ ಅದೇ ಕೈಗವಸು ಹಾಕ್ಕೊಂಡು ಬೇರಿಂಗ್ ತಗೊಂಡೀನಿ. ಡ್ರಮಾಕ್ಟರ್‌ದಾಗ ನನಗ ಆಗಿದ್ದು ಮನಸ್ಸಿನ ತಪ್ಪೋ ಕೈಗವಸಿನ ತಪ್ಪೋ, ಇನ್ನ ಮ್ಯಾಲ ಖಾತ್ರಿ ಹೇಳಾಕ ಆಗಾಂಗಿಲ್ಲ.

---

ಹಿಮದಕ್ಕ (ಅಬರ್ಡೀನ್)

ತಮ್ಮಾ, ಇದು ಅಪರೂಪದ್ದೇನಲ್ಲ. ಕಂಪಾಸ್ ಮುಳ್ಳು ಅಂದ್ರೆ ಒಂದು ಸಣ್ಣ ಅಯಸ್ಕಾಂತ ಅಷ್ಟೇ, ಅದಕ್ಕಿಂತ ಜೋರಿನ ಅಯಸ್ಕಾಂತ ಪಕ್ಕ ಬಂದ್ರೆ ಅದರ ಉತ್ತರ ದಕ್ಷಿಣ ಅದಲುಬದಲು ಆಗಿಬಿಡತ್ತೆ. ಫೋನಿನ ಸ್ಪೀಕರಲ್ಲೂ ಅಯಸ್ಕಾಂತ ಇರತ್ತೆ. ಪೂರ್ತಿ ಉಲ್ಟಾ ಆದ್ರೆ ಹೀಗಾದ್ರೂ ಗೊತ್ತಾಗತ್ತೆ, ಅರ್ಧಂಬರ್ಧ ಆದ್ರೆ ಮುಳ್ಳು ಸೋಮಾರಿ ಥರ ಎಲ್ಲೆಲ್ಲೋ ನಿಲ್ಲತ್ತೆ, ಅದು ಇನ್ನೂ ಕೆಟ್ಟದ್ದು. ಫೋನ್ ಒಂದು ಪಕ್ಕ, ಕಂಪಾಸ್ ಇನ್ನೊಂದು ಪಕ್ಕ, ನಡುವೆ ಮೊಳಕ್ಕೆ ಕಮ್ಮಿ ಬೇಡ. ಕಾರ್ ಬೀಗದ ಕೈ, ಹೆಡ್‌ಟಾರ್ಚ್, ಹಿಮ ಕೊಡಲಿ ಎಲ್ಲದಕ್ಕೂ ಇದೇ ಮಾತು.

ಯಾವುದನ್ನ ನಂಬೋದು ಅಂತ ಕೇಳ್ದೆ. ಮೊನಾಲೀಯದಂಥ ಕಡೆ ಯಾವುದೋ ಒಂದನ್ನೇ ನಂಬ್ಕೊಂಡು ಹೋಗೋದೇ ಬೇಡ. ನಮ್ಮೂರ ಕಡೆ ಸಾಕ್ಷಿ ಅಂದ್ರೆ ಇಬ್ರಾದ್ರೂ ಇರ್ಬೇಕು ಅಂತಾರಲ್ಲ, ಹಾಗೆ. ಹೊರಡೋ ಮುಂಚೆ ನಾನು ಏನು ಮಾಡ್ತೀನಿ ಅಂತ ಹೇಳ್ತೀನಿ. ಮನೇಲೇ ಕೂತು, ಬೆಚ್ಚಗೆ, ದಾರಿಯನ್ನ ಸಣ್ಣ ಸಣ್ಣ ತುಂಡು ಮಾಡ್ತೀನಿ, ಐನೂರು ಮೀಟರಿಗೆ ಮೇಲೆ ಬೇಡ. ಪ್ರತೀ ತುಂಡಿಗೂ ಎಷ್ಟು ಡಿಗ್ರಿ, ಎಷ್ಟು ದೂರ, ಎಷ್ಟು ಏರು, ಎಷ್ಟು ನಿಮಿಷ, ಗಾಳಿ ಮೈಯ ಯಾವ ಭಾಗಕ್ಕೆ ಹೊಡೀಬೇಕು, ಕೊನೆಗೆ ಏನು ಸಿಗ್ಬೇಕು, ಸಿಗದೇ ದಾಟಿ ಹೋದ್ರೆ ಏನು ಕಾಣತ್ತೆ, ಅಷ್ಟನ್ನೂ ಒಂದು ಚೀಟಿ ಮೇಲೆ ಬರ್ಕೊಂಡು ಪ್ಲಾಸ್ಟಿಕ್ ಕವರಿಗೆ ಹಾಕ್ತೀನಿ. ನಿನ್ನ ಚೀಟೀಲಿ 187 ಡಿಗ್ರಿ ಪಕ್ಕ ಗಾಳಿ ಬಲಗೆನ್ನೆ ಅಂತ ಎರಡೇ ಪದ ಇದ್ದಿದ್ರೆ ಹತ್ತನೇ ಹೆಜ್ಜೆಗೆ ನಿಲ್ತಿದ್ದೆ.

ಸಮಯದ ಲೆಕ್ಕಕ್ಕೆ ನೇಸ್ಮಿತ್ ಅನ್ನೋರು 1892ರಲ್ಲಿ ಹೇಳಿದ ಸೂತ್ರ ಇವತ್ತಿಗೂ ಸಾಕು. ಐದು ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ, ಅಂದ್ರೆ ಹತ್ತು ಮೀಟರ್ ಏರಿಗೆ ಒಂದು ನಿಮಿಷ. ಹಿಮದಲ್ಲಿ ಆ ವೇಗ ಬರಲ್ಲ, ನಾನು ಗಂಟೆಗೆ ಮೂರೇ ಕಿಲೋಮೀಟರ್ ಹಿಡೀತೀನಿ, ನೂರು ಮೀಟರಿಗೆ ಎರಡು ನಿಮಿಷ. ಹೆಜ್ಜೆ ಲೆಕ್ಕನೂ ಇರ್ಲಿ. ಎಡಗಾಲು ಊರಿದಾಗ ಮಾತ್ರ ಎಣಿಸು, ಸಮ ನೆಲದಲ್ಲಿ ನೂರು ಮೀಟರಿಗೆ ನಂಗೆ 66 ಬರತ್ತೆ, ಮೊಣಕಾಲುದ್ದ ಹಿಮದಲ್ಲಿ 90 ದಾಟತ್ತೆ. ನಿಂದು ಎಷ್ಟು ಅಂತ ನೀನೇ ಅಳೆದು ನೋಡ್ಕೋಬೇಕು, ನನ್ನ ಲೆಕ್ಕ ನಿಂಗೆ ಆಗಲ್ಲ. ನೂರು ಮೀಟರ್ ಆದಾಗೆಲ್ಲಾ ಹಗ್ಗದ ಮೇಲೆ ಒಂದು ಮಣಿ ಸರಿಸ್ತೀನಿ, ಜಪಸರದ ಥರ. ತಲೆ ಮರಗಟ್ಟಿದಾಗ ಎಣಿಕೆ ಉಳಿಯಲ್ಲ, ಮಣಿ ಉಳಿಯತ್ತೆ.

ಬೆನ್ ನೆವಿಸ್ ತುದಿಯಿಂದ ಮಂಜಲ್ಲಿ ಇಳಿಯೋಕೆ 231 ಡಿಗ್ರಿಗೆ 150 ಮೀಟರ್, ಆಮೇಲೆ 282 ಡಿಗ್ರಿ ಅಂತ ಇಲ್ಲಿನ ಹತ್ತೋರು ಬಾಯಿಪಾಠ ಮಾಡಿರ್ತಾರೆ. ಅಲ್ಲಿ ಒಂದು ಕಡೆ ಗಾರ್ಡಿಲೂ ಗಲ್ಲಿ, ಇನ್ನೊಂದು ಕಡೆ ಫೈವ್ ಫಿಂಗರ್ ಗಲ್ಲಿ (ಗಲ್ಲಿ ಅಂದ್ರೆ ಇಲ್ಲಿ ಬೆಟ್ಟದ ಕಡಿದಾದ ಕೊರಕಲು), ಆ 150 ಮೀಟರ್ ಎಣಿಸದೇ ತಿರುಗಿದ್ರೆ ಕೆಳಗೆ ಪ್ರಪಾತ. ಮೊನಾಲೀಯದಲ್ಲಿ ಅಂಥ ಅಂಚು ಕಮ್ಮಿ, ಅದಕ್ಕೇ ಜನ ಸುಲಭ ಅಂತಾರೆ. ನಿಲ್ಲಿಸೋದಕ್ಕೆ ಅಲ್ಲಿ ಏನೂ ಇಲ್ಲ ತಮ್ಮಾ, ತಪ್ಪು ದಿಕ್ಕಿಗೆ ಎಷ್ಟು ದೂರ ಬೇಕಾದ್ರೂ ಹೋಗಬಹುದು.

ಇನ್ನೊಂದು ಮಾತು, ಬೈಕೋಬೇಡ. ಹಳ್ಳದ ದಂಡೆ ಹಿಡಿದು ಇಳಿದೆ ಅಂದ್ಯಲ್ಲ, ಈ ಸಲ ಆಯ್ತು, ಇನ್ನೊಂದ್ಸಲ ಅದನ್ನೇ ಉಪಾಯ ಅನ್ಕೋಬೇಡ. ಹಳ್ಳದ ಮೇಲೆ ಹಿಮ ಸೇತುವೆ ಥರ ಕಟ್ಟಿರತ್ತೆ, ಕಾಲಿಟ್ರೆ ಕುಸಿದು ಒಳಗಿನ ನೀರಿಗೆ ಬೀಳ್ತೀವಿ, ಎರಡೂ ದಡದಿಂದ ಜಾರಿದ ಹಿಮ ಅಲ್ಲೇ ಬಂದು ತುಂಬ್ಕೊಳತ್ತೆ. ಅವಲಾಂಚ್ (ಹಿಮಕುಸಿತ) ವರದಿ ಬರೋ ಆರು ಪ್ರದೇಶದಲ್ಲಿ ಮೊನಾಲೀಯ ಸೇರಿಲ್ಲ, ಪಕ್ಕದ ಕ್ರೆಗ್ ಮೆಗಿ ಮತ್ತು ನಾರ್ದರ್ನ್ ಕೇರ್ನ್‌ಗಾರ್ಮ್ಸ್ ವರದಿ ಎರಡನ್ನೂ ಓದಿ ಅಂದಾಜು ಮಾಡ್ಬೇಕು.

---

ಕೊಪ್ಪದ_ಮಳೆ (ಕೊಪ್ಪ, ಚಿಕ್ಕಮಗಳೂರು)

ನಾನು ಊರಲ್ಲೇ ಇರೋನು, ಹಿಮ ಕಣ್ಣಲ್ಲಿ ಕಂಡವನಲ್ಲ. ಆದ್ರೆ ಮಂಜು ಗೊತ್ತು. ಜುಲೈಲಿ ಕುದುರೆಮುಖದ ಕಡೆ ಹುಲ್ಲುಗುಡ್ಡದ ಮೇಲೆ ನಿಂತ್ರೆ ಮೂರು ಮಾರು ಆಚೆ ಇರೋ ಎಮ್ಮೆ ಕಾಣಲ್ಲ, ಅದರ ಗಂಟೆ ಮಾತ್ರ ಕೇಳತ್ತೆ, ಆ ಗಂಟೆನೂ ಯಾವ ಕಡೆಯಿಂದ ಅಂತ ಹೇಳಕ್ಕಾಗಲ್ಲ. ನಮ್ಮಜ್ಜ ಹೇಳೋರು, ಕಾಡಲ್ಲಿ ಒಂದು ಬಳ್ಳಿ ಇದೆ, ಅದನ್ನ ದಾಟಿದ್ರೆ ದಿಕ್ಕು ತಪ್ಪತ್ತೆ, ಎಷ್ಟು ನಡೆದ್ರೂ ಹೊರಟ ಜಾಗಕ್ಕೇ ಬರ್ತೀವಿ ಅಂತ. ಚಿಕ್ಕೋರಿದ್ದಾಗ ಬಳ್ಳಿ ಕಂಡ್ರೆ ಎಗರಿ ದಾಟ್ತಿದ್ವಿ.

ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯೋರು 2009ರಲ್ಲಿ ಇದನ್ನ ಪರೀಕ್ಷೆ ಮಾಡಿ ನೋಡಿದ್ರು. ಜನರನ್ನ ಕಾಡಲ್ಲಿ, ಸಹಾರಾ ಮರಳಲ್ಲಿ ನೇರ ನಡೀರಿ ಅಂತ ಬಿಟ್ರು. ಸೂರ್ಯನೋ ಚಂದ್ರನೋ ಕಾಣ್ತಿದ್ದಾಗ ನೆಟ್ಟಗೆ ಹೋದ್ರು, ಮೋಡ ಮುಚ್ಚಿದಾಗ ಸುತ್ತು ಹಾಕಿ ತಾವು ದಾಟಿದ ಜಾಗವನ್ನೇ ಗೊತ್ತಿಲ್ದೇ ಮತ್ತೆ ದಾಟಿದ್ರು. ಕಣ್ಣಿಗೆ ಬಟ್ಟೆ ಕಟ್ಟಿದ್ರೆ ಕೆಲವು ಸುತ್ತು 20 ಮೀಟರ್ ಅಗಲದ್ದು ಮಾತ್ರ. ಅಜ್ಜನ ಬಳ್ಳಿ ಇದೇ ಅಂತ ನಂಗೆ ಅವತ್ತು ಅನ್ನಿಸ್ತು.

ಒಂಟಿ ಹೆಜ್ಜೆ ಅವರೇ, ನಮ್ಮಲ್ಲಿ ಮಂಜು ಬಂದ್ರೆ ಹಿರಿಯರು ನಡಿಯೋಕೇ ಬಿಡಲ್ಲ. ಕೂತ್ಕೋ, ಎಲೆ ಅಡಿಕೆ ಹಾಕ್ಕೋ, ಬಿಡೋ ತನಕ ಏಳ್ಬೇಡ ಅಂತಾರೆ. ನಿಮ್ಮಲ್ಲಿ ಆ ಚಳೀಲಿ ಕೂರೋದೂ ಆಗಲ್ವಲ್ಲ, ಅದು ಓದಿ ಹೆದರಿಕೆ ಆಯ್ತು.

---

ರೈಲ್ವೆ_ಕ್ವಾಟ್ರಸ್ (ಗ್ಲಾಸ್ಗೋ)

ಬೇಜಾರ್ ಮಾಡ್ಕೋಬೇಡಿ, ನಾನು ನೇರ ಹೇಳ್ತೀನಿ. 700 ಮೀಟರಿಗೆ ಮೋಡ, ಮಧ್ಯಾಹ್ನ ಹಿಮ ಅಂತ ಫೋರ್ಕಾಸ್ಟ್ ಇದ್ದಾಗ ಒಬ್ರೇ ಹೋಗೋದೇ ತಪ್ಪು. ಹೆಂಡ್ತಿ ಮಕ್ಕಳು ಇರೋರು ಯೋಚ್ನೆ ಮಾಡ್ಬೇಕು. ನಿಮ್ಮನ್ನ ಹುಡುಕೋಕೆ ಬರೋ ಮೌಂಟನ್ ರೆಸ್ಕ್ಯೂನವರು ಸಂಬಳ ಇಲ್ಲದ ಸ್ವಯಂಸೇವಕರು, ಅವರೂ ಅದೇ ಬಿಳಿಯೊಳಗೆ ರಾತ್ರಿ ನಡೀಬೇಕು. ಇನ್ನು ಇಷ್ಟೆಲ್ಲಾ ಮಣಿ, ಚೀಟಿ ಯಾಕೆ, ಕೈಗೆ ಕಟ್ಟೋ ಜಿಪಿಎಸ್ ವಾಚ್ ತೊಗೊಂಡ್ರೆ ಮುಗೀತಲ್ಲ?

---

ಹಿಮದಕ್ಕ (ಅಬರ್ಡೀನ್)

ಜಿಪಿಎಸ್ ಬೇಡ ಅಂತ ನಾನು ಯಾವತ್ತೂ ಹೇಳಲ್ಲ, ಈ ತಮ್ಮನ್ನ ಉಳಿಸಿದ್ದೇ ಆ ಒಂದು ನಿಮಿಷದ ನೀಲಿ ಚುಕ್ಕಿ. ನಾನೂ ವಾಚ್ ಕಟ್ತೀನಿ. ಆದ್ರೆ ಅದೂ ಒಬ್ಬ ಸಾಕ್ಷಿ ಅಷ್ಟೇ. ಬ್ಯಾಟರಿ ಚಳಿಗೆ ಬೀಳತ್ತೆ, ಗುಂಡಿ ಹೆಪ್ಪುಗಟ್ಟತ್ತೆ, ಕೈಗವಸು ತೆಗೆದು ಎರಡು ನಿಮಿಷ ಒದ್ದಾಡಿದ್ರೆ ಬೆರಳು ನಂದಲ್ಲ ಅನ್ಸತ್ತೆ.

ಒಬ್ಬರೇ ಹೋಗೋದು ತಪ್ಪು ಅನ್ನೋದನ್ನ ನಾನು ಒಪ್ಪಲ್ಲ, ಆ ದಿನ ಹೋಗಿದ್ದು ತಪ್ಪು ಅನ್ನೋದನ್ನ ಒಪ್ತೀನಿ. ಜನ ಜಾಸ್ತಿ ಇದ್ರೆ ಸುರಕ್ಷಿತ ಅಂತನೂ ಇಲ್ಲ. 1971ರ ನವೆಂಬರಲ್ಲಿ ಕೇರ್ನ್‌ಗಾರ್ಮ್ ಪ್ರಸ್ಥಭೂಮಿ ಮೇಲೆ ಗುಂಪಾಗಿ ಹೋದ ಶಾಲಾಮಕ್ಕಳಲ್ಲಿ ಐದು ಜನ, ಜೊತೆಗಿದ್ದ ಸಹಾಯಕ ನಾಯಕಿ, ಎಲ್ಲಾ ಸೇರಿ ಆರು ಜೀವ ಹೋಯ್ತು. ಮೇಲಿನ ಸಣ್ಣ ಆಸರೆಮನೆ ತಲುಪೋಕಾಗದೇ ಬಯಲಲ್ಲೇ ರಾತ್ರಿ ಕಳೀಬೇಕಾಯ್ತು ಅವರು. ಆಸರೆ ಇದೆ ಅನ್ನೋ ಆಸೆಗೆ ಜನ ಅಷ್ಟು ಎತ್ತರಕ್ಕೆ ಹೋಗ್ತಾರೆ ಅಂತ ವಾದ ಆಗಿ, ಆಮೇಲೆ ಅದನ್ನ ಕೆಡವಿಬಿಟ್ರು. ನಾನು ಆ ಬಯಲು ದಾಟುವಾಗೆಲ್ಲಾ ಒಂದು ಕ್ಷಣ ನಿಲ್ತೀನಿ.

ತಮ್ಮಾ, ನೀನು ಒಂದು ಸರಿಯಾದ ಕೆಲ್ಸನೂ ಮಾಡಿದೀಯ, ಅದನ್ನ ಯಾರೂ ಹೇಳ್ಲಿಲ್ಲ. ಎಷ್ಟೊತ್ತಿಗೆ ಬರ್ತೀನಿ, ಬರದಿದ್ರೆ ಎಷ್ಟೊತ್ತಿಗೆ ಫೋನ್ ಮಾಡ್ಬೇಕು ಅಂತ ಮನೇಲಿ ಹೇಳಿ ಹೋಗಿದ್ದೆ. 999 ಮಾಡಿ ಪೊಲೀಸ್ ಕೇಳ್ಬೇಕು, ಆಮೇಲೆ ಮೌಂಟನ್ ರೆಸ್ಕ್ಯೂ ಅನ್ಬೇಕು, ಇದು ನಿನ್ನ ಹೆಂಡತಿಗೂ ಗೊತ್ತಿರ್ಲಿ. ಸಿಗ್ನಲ್ ಕಮ್ಮಿ ಇರೋ ಕಡೆ 999ಗೆ ಮೆಸೇಜ್ ಹೋಗಬಹುದು, ಅದಕ್ಕೆ ಮೊದಲೇ ನಂಬರ್ ರಿಜಿಸ್ಟರ್ ಮಾಡಿಸಿರ್ಬೇಕು, ಇವತ್ತೇ ಮಾಡಿಸು. ಸೀಟಿ ಇಟ್ಕೋ. ನಿಮಿಷಕ್ಕೆ ಆರು ಸಲ ಊದು, ಒಂದು ನಿಮಿಷ ಬಿಡು, ಮತ್ತೆ ಆರು.

---

ಒಂಟಿ_ಹೆಜ್ಜೆ (ಎಡಿನ್‌ಬರಾ)

ಎಲ್ರಿಗೂ ತುಂಬಾ ಥ್ಯಾಂಕ್ಸ್. ರೈಲ್ವೆ ಕ್ವಾಟ್ರಸ್ ಅವರೇ, ನೀವು ಹೇಳಿದ್ದರಲ್ಲಿ ಬೇಜಾರಾಗೋದು ಏನೂ ಇಲ್ಲ, ಫೋರ್ಕಾಸ್ಟ್ ಓದಿ ಹೋಗಿದ್ದು ನನ್ನ ತಪ್ಪೇ.

ನೆನ್ನೆ ನಂಬರ್ ರಿಜಿಸ್ಟರ್ ಮಾಡಿಸ್ದೆ. ಹೊಸ ಕಂಪಾಸ್ ಎರಡು ಬಂದಿವೆ, ಒಂದು ಕುತ್ತಿಗೆಗೆ, ಇನ್ನೊಂದು ಬ್ಯಾಗಿನ ತಳದಲ್ಲಿ. ಕವರನ್ನ ಮಗಳ ಹಳೇ ಟ್ಯಾಬಿಗೆ ಹಾಕಿಬಿಟ್ಟೆ. ಇವತ್ತು ಬೆಳಗ್ಗೆ ಪಾರ್ಕಲ್ಲಿ ನೂರು ಮೀಟರ್ ಅಳೆದು ನಾಲ್ಕು ಸಲ ನಡೆದೆ, 63, 64, 63, 65 ಬಂತು. ಹಿಮ ಬಿದ್ದ ದಿನ ಮತ್ತೆ ಅಳೀಬೇಕು.

ಅಕ್ಕಾ, ಉಲ್ಟಾ ಆದ ಕಂಪಾಸನ್ನ ಇನ್ನೊಂದು ಮ್ಯಾಗ್ನೆಟ್ ಉಜ್ಜಿ ಸರಿ ಮಾಡಬಹುದು ಅಂತ ಒಬ್ರು ಹೇಳಿದ್ರು, ಮಾಡ್ಲಾ?

---

ಹಿಮದಕ್ಕ (ಅಬರ್ಡೀನ್)

ಸರಿ ಆಗತ್ತೆ, ಆದ್ರೆ ಗುಡ್ಡಕ್ಕೆ ಒಯ್ಬೇಡ. ಎಷ್ಟು ಗಟ್ಟಿಯಾಗಿ ಸರಿ ಆಗಿದೆ ಅಂತ ಮನೇಲಿ ನಂಗೂ ಗೊತ್ತಾಗಲ್ಲ, ನಿಂಗೂ ಗೊತ್ತಾಗಲ್ಲ. ಕೆಲವು ಕಂಪನಿಗಳು ವಾಪಸ್ ತೊಗೊಂಡು ಸರಿ ಮಾಡಿ ಕೊಡ್ತಾರೆ, ಕೇಳಿ ನೋಡು. ಅಲ್ಲೀ ತನಕ ಅದರ ಮೇಲೆ ಒಂದು ಕೆಂಪು ಟೇಪ್ ಸುತ್ತಿ ಬೇರೆ ಡ್ರಾಯರಲ್ಲಿಡು, ಅವಸರದಲ್ಲಿ ಕೈಗೆ ಸಿಗದ ಹಾಗೆ.

63 ಅಂದ್ರೆ ನೀನು ನನಗಿಂತ ಉದ್ದ ಇದೀಯ. ಏರಲ್ಲಿ ಬೇರೆ, ಇಳಿಜಾರಲ್ಲಿ ಬೇರೆ ಬರತ್ತೆ, ಎರಡನ್ನೂ ಬರ್ಕೋ. ಮಾರ್ಚ್ ಎರಡನೇ ವಾರ ನಾವು ಮೂರು ಜನ ನ್ಯೂಟನ್‌ಮೋರ್‌ಗೆ ಬರ್ತಿದೀವಿ, ಮೋಡ ಮೇಲಿದ್ರೆ ಮಾತ್ರ. ಚೀಟಿ ನೀನು ಬರೆದು ತಾ, ಮುಂದೆ ನೀನೇ ನಡಿ, ನಾವು ಹಿಂದೆ ಬರ್ತೀವಿ.

---

ಧಾರವಾಡದಂವ (ಇನ್ವರ್ನೆಸ್)

ನಾನೂ ಬರ್ತೀನ್ರಿ ಅಕ್ಕಾರ. ಇನ್ವರ್ನೆಸ್‌ಲಿಂದ ರೈಲು ನೆಟ್ಟಗ ನ್ಯೂಟನ್‌ಮೋರ್‌ಕ್ಕ ಬರತೈತಿ. ಕೈಗವಸು ಬ್ಯಾರೆ ತಗೊಂಡೀನಿ, ಗುಂಡಿದ್ದು.